ಗಾಳಿಗುಡ್ಡಕ್ಕೆ ಸುಣ್ಣ ಬಳಿದದ್ದು

“ಬುಧವಾರ ಒಬ್ರು ಆಫೀಸರ್ ಬರ್ತಾರೆ ಉಜ್ಜಪ್ಪನವ್ರೆ, ಗೇಟಿನ ಬೀಗದ ಕೈ ಎಲ್ಲಿದೆ ಅಂತ ಸ್ವಲ್ಪ ಹುಡುಕಿಡಿ” ಎಂದು ವೀರಬಸಪ್ಪ ಮೇಷ್ಟ್ರು ಫೋನಿನಲ್ಲಿ ಹೇಳಿದರು. ಹೇಳಬಾರದಿತ್ತು. ಆ ಗೇಟಿಗೆ ಎರಡು ಕಂಬಗಳಿದ್ದವೇ ಹೊರತು ಅಕ್ಕಪಕ್ಕ ಕಾಂಪೌಂಡ್ ಗೋಡೆ ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ಬೀಗದ ಕೈ ಇಲ್ಲದಿದ್ದರೆ ಕಂಬ ಬಳಸಿ ಒಳಗೆ ಹೋಗಬಹುದಿತ್ತು. ದನಕರು ಹೋಗುತ್ತಿದ್ದದ್ದೂ ಹಾಗೆಯೇ. ಆದರೆ ಮೇಷ್ಟ್ರು ಶಿಕಾರಿಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವರು, ಯಾವುದನ್ನೂ ಕ್ರಮ ತಪ್ಪಿ ಮಾಡಿದವರಲ್ಲ. ಪಂಚಾಯ್ತಿ ಅಧ್ಯಕ್ಷರ ಕಿವಿಗೆ ‘ಆಫೀಸರ್ ಬರ್ತಾರೆ’ ಎಂಬ ಮಾತು ಹಾಕುವುದೂ ಹುಲ್ಲಿನ ಬಣವೆಗೆ ಕಡ್ಡಿ ಗೀರುವುದೂ ಒಂದೇ ಎಂಬ ಪಾಠ ಅವರ ಸಿಲಬಸ್ಸಿನಲ್ಲಿ ಇರಲಿಲ್ಲ.

ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗುವಾಗ ಗಾಳಿಗುಡ್ಡ ಎಂಬ ಊರು. ಊರಿನ ನೆತ್ತಿಯ ಮೇಲೆ ಮಹಾರಾಜರ ಕಾಲದ ಕ್ಷಯರೋಗದ ಆಸ್ಪತ್ರೆ. ಆ ಕಾಯಿಲೆಗೆ ಔಷಧಿಯೇ ಇಲ್ಲದಿದ್ದ ಕಾಲದಲ್ಲಿ ಗಾಳಿ, ಬಿಸಿಲು, ಹಾಲು, ಮೊಟ್ಟೆ, ಮಿಕ್ಕದ್ದು ದೇವರ ಚಿತ್ತ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಹಾಗಾಗಿ ಗೋಡೆಗಿಂತ ಕಿಟಕಿಯೇ ಹೆಚ್ಚು. ಪೂರ್ವಕ್ಕೆ ಮುಖ ಮಾಡಿದ ಉದ್ದನೆಯ ಜಗುಲಿ, ಅಲ್ಲಿ ಸಾಲು ಮಂಚ. ಆಮೇಲೆ ಮಾತ್ರೆ ಬಂತು. ರೋಗಿಗಳು ಮನೆಯಲ್ಲೇ ಮಾತ್ರೆ ನುಂಗಿ ಗುಣವಾದರು. ರೋಗಿಗಳು ಬಿಟ್ಟುಹೋದ ಕಾಯಿಲೆ ಆಸ್ಪತ್ರೆಗೇ ಅಂಟಿಕೊಂಡಿತು. ಈಗ ಅದರ ಮಾಡಿನಿಂದ ಅರಳಿ ಮರ ಎದ್ದಿತ್ತು, ಎಕ್ಸ್‌ರೇ ಕೋಣೆಯಲ್ಲಿ ಬಾವಲಿ, ಗಂಡಸರ ವಾರ್ಡಿನಲ್ಲಿ ಮಾಸ್ತಪ್ಪನ ಕುರಿ.

ಮೇಷ್ಟ್ರಿಗೆ ಈ ಕಟ್ಟಡದ ಮೇಲೆ ಪ್ರೀತಿ ಬರಲು ಕಾರಣವಿತ್ತು. ಅವರ ತಾಯಿ ಗುತ್ಯಮ್ಮ ಹದಿನಾರರ ಹುಡುಗಿಯಾಗಿದ್ದಾಗ ಇದೇ ಜಗುಲಿಯ ಮೇಲೆ ಒಂದು ವರ್ಷ ಮಲಗಿ ಬದುಕಿ ಬಂದವಳು. ‘ಆ ಜಗುಲಿ ಇಲ್ಲದಿದ್ದರೆ ಅವ್ವ ಇಲ್ಲ, ಅವ್ವ ಇಲ್ಲದಿದ್ದರೆ ನಾನಿಲ್ಲ’ ಎಂಬ ಸಮೀಕರಣವನ್ನು ಮೇಷ್ಟ್ರು ಸಿಕ್ಕಸಿಕ್ಕವರಿಗೆಲ್ಲ ಬಿಡಿಸಿ ತೋರಿಸುತ್ತಿದ್ದರು. ವರ್ಷಗಟ್ಟಲೆ ಅರ್ಜಿ ಬರೆದರು. ಸ್ಟಾಫ್‌ರೂಮಿನಲ್ಲಿ ಅವರಿಗೆ ‘ಟಿಬಿ ಮೇಷ್ಟ್ರು’ ಎಂಬ ಹೆಸರೇ ನಿಂತಿತು. ಫಿಸಿಕ್ಸಿನ ಯೋಗೇಶ ದಿನಾ ಬೆಳಿಗ್ಗೆ, “ಏನ್ರೀ ಸಾರ್, ನಿಮ್ ಪೇಶಂಟ್ ಇನ್ನೂ ಉಸಿರಾಡ್ತೈತೇನ್ರಿ?” ಎಂದು ವಿಚಾರಿಸದೆ ಹಾಜರಿ ಹಾಕುತ್ತಿರಲಿಲ್ಲ.

ಪೇಶಂಟಿಗೆ ಇದು ಕೊನೆಯ ಅವಕಾಶವಾಗಿತ್ತು. ಹಳೆಯ ಕಟ್ಟಡಗಳ ಜೀರ್ಣೋದ್ಧಾರ ನೋಡುವ ಇಲಾಖೆಯಿಂದ ಮಧುಶ್ರೀ ಎಂಬ ಅಧಿಕಾರಿ ಬಂದು ನೋಡಿ ಒಪ್ಪಿದರೆ ದುರಸ್ತಿ. ಒಪ್ಪದಿದ್ದರೆ ಕಟ್ಟಡ ಕೆಡವಿ ಕಲ್ಲು ಹರಾಜು ಹಾಕುವುದೆಂದು ಪಂಚಾಯ್ತಿ ತೀರ್ಮಾನ ಮಾಡಿಯಾಗಿತ್ತು. ಆದ್ದರಿಂದ ಮೇಷ್ಟ್ರು ಅರ್ಜಿಯ ಜೊತೆ ಅರಳಿ ಮರ, ಬಾವಲಿ, ಕುರಿ, ಸೋರಿದ ಗೋಡೆ ಎಲ್ಲದರ ಫೋಟೊ ಕಳಿಸಿದ್ದರು. ಅಧಿಕಾರಿ ಬಂದು ಕಣ್ಣಾರೆ ಆ ದುರವಸ್ಥೆ ನೋಡಿ ಮರುಗಬೇಕು. ಮರುಗುವಂಥದ್ದಕ್ಕೆ ಅಲ್ಲಿ ಏನೂ ಕಡಿಮೆ ಇರಲಿಲ್ಲ.

ಬುಧವಾರ ಬೆಳಿಗ್ಗೆ ಮೇಷ್ಟ್ರು ತಾಯಿಯ ಚೀಲ, ಬುತ್ತಿ ಗಂಟು ಹಿಡಿದು ಅವಳೊಂದಿಗೆ ಬಸ್ಸು ಹತ್ತಿದರು. ಬೇಡವೆಂದರೂ ಗುತ್ಯಮ್ಮ ಕೇಳಲಿಲ್ಲ. “ಸಾಯೋದ್ರೊಳ್ಗೆ ನನ್ ಮಂಚ ಒಂದ್ಸಲ ನೋಡ್ಬೇಕು” ಎಂದಳು. ಇನ್ನೂ ಸಾಯುವ ಯಾವ ಲಕ್ಷಣವೂ ಅವಳಲ್ಲಿರಲಿಲ್ಲ. ಕಿಟಕಿಯ ಸೀಟಿಗಾಗಿ ಒಬ್ಬ ಯುವಕನನ್ನು ಎಬ್ಬಿಸಿ ಕೂತಿದ್ದಳು.

ಕಂಡಕ್ಟರ್ ಬಂದಾಗ ಮೇಷ್ಟ್ರು, “ಗಾಳಿಗುಡ್ಡ, ಟಿಬಿ ಆಸ್ಪತ್ರೆ ಸ್ಟಾಪ್, ಎರಡು” ಎಂದರು. ಅದೇ ಹೊತ್ತಿಗೆ ರಸ್ತೆಯ ಧೂಳು ನುಗ್ಗಿ ಗುತ್ಯಮ್ಮ ಕೆಮ್ಮಿದಳು. ಮುಂದಿನ ಸೀಟು ಖಾಲಿಯಾಯಿತು. ಹಿಂದಿನದ್ದೂ ಖಾಲಿಯಾಯಿತು. ಕಂಡಕ್ಟರ್ ಚಿಲ್ಲರೆಯನ್ನು ಸೀಟಿನ ತುದಿಯಲ್ಲಿಟ್ಟು ಸರಿದುಹೋದ. ಗುತ್ಯಮ್ಮ ಆರಾಮವಾಗಿ ಕಾಲು ನೀಡಿ, “ಈ ಕಾಯ್ಲೇಲಿ ಇದೊಂದು ಅನುಕೂಲ ಆವತ್ತೂ ಇತ್ತು ನೋಡಾ” ಎಂದಳು. “ನಮ್ಮಪ್ಪ ಪಾಪ, ವಾರಕ್ಕೊಂದ್ಸಲ ರೊಟ್ಟಿ ಗಂಟು ಹಿಡ್ಕೊಂಡು ನಡ್ಕೊಂಡೇ ಬರ್ತಿದ್ದ. ಒಳಗ್ ಬಿಡ್ತಿರ್ಲಿಲ್ಲ. ಗೇಟ್ ಹತ್ರ ಹುಣಸೆ ಮರದ ಕೆಳಗೆ ನಿಂತ್ಕಂಡು ಕೈ ಬೀಸ್ತಿದ್ದ. ನಾನು ಮಂಚದ್ ಮೇಲಿಂದ ಬೀಸ್ತಿದ್ದೆ. ಅಷ್ಟೇ ಮಾತುಕತೆ.”

ಬಸ್ಸಿಳಿದು ಗುಡ್ಡ ಹತ್ತಿದ ಮೇಷ್ಟ್ರು ಗೇಟಿನ ಹತ್ತಿರ ಗಕ್ಕನೆ ನಿಂತರು. ತಪ್ಪಿ ಬೇರೆ ಗುಡ್ಡ ಹತ್ತಿದೆವೇನೋ ಎಂದು ಒಮ್ಮೆ ಹಿಂದೆ ನೋಡಿದರು. ಹುಣಸೆ ಮರ ಅಲ್ಲೇ ಇತ್ತು. ಆದರೆ ಆಸ್ಪತ್ರೆ, ಮದುವೆಗೆ ಹೊರಟ ಮುದುಕನ ಹಾಗೆ, ಮೈತುಂಬ ಪೌಡರ್ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು.

ಗೋಡೆಗೆಲ್ಲ ಬಿಳಿ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ತುಕ್ಕು ಹಿಡಿದಿದ್ದ ಮಂಚಗಳಿಗೆ ಸಿಲ್ವರ್ ಪೇಂಟು. ಅರಳಿ ಮರವನ್ನು ಕಡಿದರೆ ಪಾಪ ಬರುತ್ತದೆಂದು ಕಡಿದಿರಲಿಲ್ಲ; ಅದಕ್ಕೆ ಹಳದಿ ಬಟ್ಟೆ ಸುತ್ತಿ, ಅರಿಸಿನ ಕುಂಕುಮ ಹಚ್ಚಿ, ಅದು ಅಲ್ಲೇ ಇರಬೇಕಾದ ಮರ ಎನ್ನುವ ಹಾಗೆ ಮಾಡಿದ್ದರು. ಬಾಗಿಲಿಗೆ ಮಾವಿನ ತೋರಣ. ಜಗುಲಿಯ ಮೇಲೆ ಕುರ್ಚಿ, ಕುರ್ಚಿಯ ಬೆನ್ನಿಗೆ ಟರ್ಕಿ ಟವೆಲ್. ಎಲ್ಲಕ್ಕಿಂತ ಮಿಗಿಲಾಗಿ, ಮಹಾರಾಜರ ಕಾಲದ ಶಂಕುಸ್ಥಾಪನೆಯ ಕಲ್ಲು—ಅದರ ಕೆತ್ತನೆಯ ಒಂದೊಂದು ಅಕ್ಷರವನ್ನೂ ಮೇಷ್ಟ್ರು ಬ್ರಷ್ಷಿನಲ್ಲಿ ತಿಕ್ಕಿ ಓದಿದ್ದರು—ಅದರ ಮೇಲೆ ಹಸಿರು ಎನಾಮಲ್ ಬಳಿದು ಕೆಂಪಿನಲ್ಲಿ ‘ಸುಸ್ವಾಗತ’ ಎಂದು ಬರೆಯಲಾಗಿತ್ತು.

ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಉಜ್ಜಪ್ಪ ಆಳೆತ್ತರಕ್ಕೆ ಕೈಮುಗಿದು ನಿಂತಿದ್ದ. ಫ್ಲೆಕ್ಸಿನ ಪಕ್ಕ ನಿಜವಾದ ಉಜ್ಜಪ್ಪ ಅದೇ ಭಂಗಿಯಲ್ಲಿ ನಿಂತಿದ್ದ. ಕೈಯಲ್ಲಿ ಮಾತ್ರ ಮೊಬೈಲಿತ್ತು.

“ಹೆಂಗೆ ಮೇಷ್ಟ್ರೇ! ಮೂರ್ ದಿನ ಇಡೀ ಊರು ಮಲಗಿಲ್ಲ ಮಾರಾಯ್ರೆ!”

ಮೇಷ್ಟ್ರು ಮಿಂಚುವ ಗೋಡೆಯ ಕಡೆ ಕೈ ತೋರಿಸಿದರು. “ಉಜ್ಜಪ್ಪನವ್ರೆ... ಏನಿದು?”

“ಎಂತದು ಅಂದ್ರೆ? ಆಫೀಸರ್ ಬರ್ತಾರೆ ಅಂದ್ರಲ.”

“ಆಫೀಸರ್ ಬರ್ತಿರೋದು ಇದು ಹಾಳಾಗಿದೆ ಅಂತ ನೋಡೋದಕ್ಕೆ! ಹಾಳಾಗಿದ್ರೆ ತಾನೇ ದುರಸ್ತಿಗೆ ದುಡ್ಡು ಕೊಡೋದು?”

ಉಜ್ಜಪ್ಪನಿಗೆ ಈ ವಾದ ಹಿಡಿಸಲಿಲ್ಲ. ಅವನ ಅಧಿಕಾರಾವಧಿಯಲ್ಲಿ ಬಂದುಹೋದ ಯಾವ ಅಧಿಕಾರಿಯೂ ಗಾಳಿಗುಡ್ಡದಲ್ಲಿ ಹಾಳಾದದ್ದೊಂದನ್ನೂ ನೋಡಿರಲಿಲ್ಲ. ರಸ್ತೆ ಹಾಳಾಗಿದೆ ಎಂದು ನೋಡಲು ಬಂದವರಿಗೂ ಗುಂಡಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ರಂಗೋಲಿ ಹಾಕಿ ತೋರಿಸಿದ್ದ. ರಸ್ತೆಗೆ ದುಡ್ಡು ಬರಲಿಲ್ಲವೆಂಬುದು ಬೇರೆ ಮಾತು. ಊರಿನ ಮರ್ಯಾದೆ ಉಳಿದಿತ್ತು.

“ಬರೋ ನೆಂಟ್ರಿಗೆ ಹರಕು ಚಾಪೆ ಹಾಕ್ತಾರನ್ರಿ? ಹೆಣ್ ನೋಡಕ್ ಬಂದಾಗ ಹುಡುಗೀಗೆ ಜ್ವರ ಐತೆ ಅಂತ ಹಂಗೇ ತಂದ್ ಕೂರಿಸ್ತಾರ?” ಎಂದ ಉಜ್ಜಪ್ಪ, ಮೇಷ್ಟ್ರ ಮುಖದ ಫೋಟೊ ಒಂದು ಹೊಡೆದು, ಎಲ್ಲಿಗೋ ವಾಟ್ಸಾಪ್ ಮಾಡಿದ.

“ಬಾವಲಿಗಳೆಲ್ಲಿ?”

“ಮೆಣಸಿನಕಾಯಿ ಹೊಗೆ ಹಾಕಿ ಓಡಿಸಿದ್ವಿ.”

“ಕುರಿ?”

“ಅದನ್ನ ನನ್ ಕೇಳ್ರಿ ಮೇಷ್ಟ್ರೇ” ಎಂದು ಗೇಟಿನ ಕಂಬದ ಮರೆಯಿಂದ ಒಂದು ಧ್ವನಿ ಬಂತು. ಕಂಬಳಿ ಹೊದ್ದು, ಮುಖ ಊದಿಸಿಕೊಂಡು ಮಾಸ್ತಪ್ಪ ಕೂತಿದ್ದ. “ಏಳು ವರ್ಷದಿಂದ ಆ ವಾರ್ಡಿನಾಗ ನಮ್ ಕುರಿ ಮಲಗ್ತಾವು. ಒಂದಕ್ಕೂ ನೆಗಡಿ ಬಂದಿಲ್ಲ. ಅಂಥಾ ಗಾಳಿ. ಈಗ ಹೊರಗ ಹಾಕಿ ಕದ ಹಾಕ್ಯಾರ. ಕುರಿ ಮುಖ ನೋಡಾಕ ಆಗವಲ್ದು.”

ಅಷ್ಟರಲ್ಲಿ ಮೇಷ್ಟ್ರ ಫೋನು ಬಡಿದುಕೊಂಡಿತು. ಮಧುಶ್ರೀ. ಶಿರಾಳಕೊಪ್ಪದಲ್ಲಿದ್ದೇನೆ, ಹತ್ತಿರದಲ್ಲೇ ಇರುವ ತಾಳಗುಂದದ ಶಾಸನ ನೋಡಿಕೊಂಡು ಬರುತ್ತೇನೆ, ಒಂದೆರಡು ಗಂಟೆ ತಡವಾದೀತು ಎಂದರು. ‘ನೋಡಿ ಬನ್ನಿ ಮೇಡಂ, ಎಷ್ಟು ಬೇಕಾದ್ರೂ ನೋಡಿ’ ಎಂದು ಮೇಷ್ಟ್ರು ಹೇಳಿದ ರೀತಿಗೆ, ಶಾಸನ ಬರೆಸಿದವನೇ ಬದುಕಿದ್ದರೂ ಸಂಕೋಚಪಡುತ್ತಿದ್ದ.

ಸುದ್ದಿ ಕೇಳಿದ ಉಜ್ಜಪ್ಪ, “ಹಂಗಾರೆ ಸೊರಬಕ್ಕೆ ಹೋಗಿ ಗುಲಾಬಿ ಹಾರ ತಂದೇಬಿಡ್ತೀನಿ. ಸೇವಂತಿಗೆ ಹಾರ ಹಾಕಿದ್ರೆ ಊರಿನ ಮರ್ಯಾದೆ ಏನಾಗ್ಬೇಕು” ಎಂದು ಬೈಕು ಹತ್ತಿದ. ಕುಂಭ ಹಿಡಿಯಲು ಬಂದಿದ್ದ ಹೆಂಗಸರು ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದರಿಂದ ಮನೆಗೆ ಓಡಿದರು. ಗುಡ್ಡದ ಮೇಲೆ ಉಳಿದವರು ಮೂವರು: ಮೇಷ್ಟ್ರು, ಮಾಸ್ತಪ್ಪ ಮತ್ತು ಟರ್ಕಿ ಟವೆಲಿನ ಕುರ್ಚಿಯಲ್ಲಿ ಅಧಿಕಾರಿಣಿಯಂತೆ ಕೂತ ಗುತ್ಯಮ್ಮ.

ಮೇಷ್ಟ್ರು ಮಾಸ್ತಪ್ಪನ ಮುಖ ನೋಡಿದರು. ಮಾಸ್ತಪ್ಪ ಮೇಷ್ಟ್ರ ಮುಖ ನೋಡಿದ. ವಿಜ್ಞಾನದಲ್ಲಿ ಇದಕ್ಕೆ ವೇಗವರ್ಧಕ ಎನ್ನುತ್ತಾರೆ. ಎರಡು ಜಡ ವಸ್ತುಗಳ ನಡುವೆ ಒಂದು ಹನಿ ಹತಾಶೆ ಬಿದ್ದರೆ ಸಾಕು.

“ಮಾಸ್ತಪ್ಪ, ಕುರಿ ಎಲ್ಲಿದಾವೆ?”

“ಇಲ್ಲೇ ಇಳಿಜಾರಿನಾಗ ಅದಾವ್ರಿ.”

“ಹೊಡ್ಕೊಂಡು ಬಾ. ಎಲ್ಲಾನೂ.”

ಮುಂದಿನದ್ದು ಚರಿತ್ರೆಯಲ್ಲಿ ದಾಖಲಾಗಬೇಕಾದ ಕೆಲಸ. ಪಾಳು ಬಿದ್ದ ಕಟ್ಟಡವನ್ನು ಹೊಸದು ಮಾಡಿದವರು ಬೇಕಾದಷ್ಟಿದ್ದಾರೆ. ಹೊಸದಾದ ಕಟ್ಟಡವನ್ನು ಎರಡೇ ಗಂಟೆಯಲ್ಲಿ ಮತ್ತೆ ಪಾಳು ಬೀಳಿಸುವ ಕೆಲಸಕ್ಕೆ ಇಳಿದವರು ವೀರಬಸಪ್ಪ ಮೇಷ್ಟ್ರೊಬ್ಬರೇ. ಕುರಿಗಳು ತವರುಮನೆಗೆ ಬಂದ ಹೆಣ್ಣುಮಕ್ಕಳಂತೆ ಒಂದನ್ನೊಂದು ನೂಕಿಕೊಂಡು ವಾರ್ಡಿಗೆ ನುಗ್ಗಿದವು. ಹೋಗುವಾಗಲೇ ಮಾವಿನ ತೋರಣವನ್ನೂ ತಿಂದುಹೋದವು. ಮೇಷ್ಟ್ರು ಪ್ಯಾಂಟು ಮಡಚಿ, ಬಕೆಟ್ಟಿಗೆ ಸಗಣಿ ಕರಗಿಸಿ, ಗೋಡೆಗೆ ಎರಚಿದರು. ಮೊದಲ ಎರಚು ತೀರಾ ಹೊಸದಾಗಿ ಕಂಡಿತು. ಹಳೆಯ ಸೋರಿಕೆ ಮೇಲಿನಿಂದ ಕೆಳಕ್ಕೆ ತೆಳುವಾಗುತ್ತ ಬರಬೇಕಲ್ಲ? ಅವರು ಕಣ್ಣು ಕಿರಿದು ಮಾಡಿ, ನೀರು ಬೆರೆಸಿ, ಟೈಟ್ರೇಶನ್ ಮಾಡುವ ಹಾಗೆ ಹನಿಹನಿಯಾಗಿ ಮೇಲಿನಿಂದ ಇಳಿಬಿಟ್ಟರು. ಈಗ ಸರಿಹೋಯಿತು.

“ಏನಾ ವೀರಬಸ್ಯ, ತಲೆ ನೆಟ್ಟಗೈತಾ?” ಎಂದಳು ಕುರ್ಚಿಯಿಂದ ಗುತ್ಯಮ್ಮ. “ನಾವು ನೂರು ಜನ ಉಗುಳ್ತಿದ್ವಿ, ಆವಾಗ್ಲೂ ಇದು ಇಷ್ಟು ಹೊಲಸಾಗಿರ್ಲಿಲ್ಲ. ಗೋಡೆಗೊಂದು ಹನಿ ಬಿದ್ರೆ ನರ್ಸಮ್ಮ ಕಿವಿ ಹಿಂಡ್ತಿದ್ಲು.”

“ಅವ್ವ, ನೀನು ಸುಮ್ನಿರು. ನಿನ್ನ ಆಸ್ಪತ್ರೆ ಉಳ್ಸೋಕೇ ಮಾಡ್ತಿರೋದು.”

“ಉಳ್ಸೋದು ಹಿಂಗಾದ್ರೆ ಅಳ್ಸೋದು ಹೆಂಗಾ?”

ಅರಳಿ ಮರದ ಹಳದಿ ಬಟ್ಟೆ ಬಿಚ್ಚಲು ಮೇಷ್ಟ್ರು ಕೈಹಾಕಿದಾಗ ಮಾಸ್ತಪ್ಪ ತಡೆದ. “ಅದಕ್ಕೆ ಅರಿಸಿನ ಕುಂಕುಮ ಆಗೇತ್ರಿ. ಈಗ ಅದು ಮರ ಅಲ್ಲ, ದೇವ್ರು. ಬಟ್ಟಿ ಬಿಚ್ಚಬ್ಯಾಡ್ರಿ.” ಅಷ್ಟಕ್ಕೆ ಬಿಟ್ಟು ಮೇಷ್ಟ್ರು ಶಂಕುಸ್ಥಾಪನೆಯ ಕಲ್ಲಿನ ಮುಂದೆ ಕೂತರು. ಎನಾಮಲ್ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರು, ತಮ್ಮ ಮನೆಯ ಬೀಗದ ಕೈಯಿಂದ ಕೆರೆದರು. ಮಹಾರಾಜರ ಒಂದಕ್ಷರವೂ ಹೊರಬರಲಿಲ್ಲ. ‘ಸುಸ್ವಾಗತ’ದಲ್ಲಿ ‘ಸು’ ಮಾತ್ರ ಹೋಯಿತು.

ಅಷ್ಟು ಮಾಡಿದರೂ ಮಾಡು ಮಾತ್ರ ಭದ್ರವಾಗಿ ಕಾಣುತ್ತಿತ್ತು. ಉಜ್ಜಪ್ಪ ಒಡೆದ ಹಂಚುಗಳನ್ನೆಲ್ಲ ತೆಗೆಸಿ, ಯಾರದೋ ಕೊಟ್ಟಿಗೆಯಿಂದ ತಂದ ಹಂಚು ಹೊದಿಸಿದ್ದ. ಸೋರದ ಮಾಡಿನ ಕೆಳಗೆ ಸೋರಿದ ಗೋಡೆ! ಯಾವ ಅಧಿಕಾರಿಯಾದರೂ ಈ ವೈರುಧ್ಯ ಕಂಡುಹಿಡಿಯುತ್ತಾರೆ. ಕ್ರಮಬದ್ಧ ಮನುಷ್ಯ ಅರ್ಧಕ್ಕೆ ಬಿಡುವವನಲ್ಲ. ಬಣ್ಣ ಹೊಡೆಯಲು ತಂದಿಟ್ಟಿದ್ದ ಏಣಿ ಅಲ್ಲೇ ಇತ್ತು. ಮೇಷ್ಟ್ರು ಹತ್ತಿದರು.

ಒಂದು ಹಂಚು ತೆಗೆದು ಕೆಳಗೆ ಬಿಟ್ಟರು. ಫಟ್. ಇನ್ನೊಂದು. ಫಟ್. ಕೈಗೆ ರುಚಿ ಹತ್ತಿತು. ಬದುಕಿನಲ್ಲಿ ಎಂದೂ ಒಂದು ಬೀಕರ್ ಸಹ ಒಡೆಯದ ಮನುಷ್ಯನಿಗೆ ಒಡೆಯುವುದರಲ್ಲಿ ಇಷ್ಟು ಸುಖವಿದೆಯೆಂದು ಆ ದಿನವೇ ಗೊತ್ತಾದದ್ದು. ಮೂರನೆಯ ಹಂಚನ್ನು ತಲೆಯ ಮೇಲೆತ್ತಿ, ಇದು ಎಲ್ಲಿ ಬಿದ್ದರೆ ಹೆಚ್ಚು ಸಹಜವಾಗಿ ಕಂಡೀತೆಂದು ನೋಡುತ್ತಿದ್ದಾಗ ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

“ಯಾರದು? ಹಂಚು ಕೀಳ್ತಿರೋರು ಯಾರು?”

ಗೇಟಿನಲ್ಲಿ ಮಧುಶ್ರೀ ನಿಂತಿದ್ದರು. ಪಕ್ಕದಲ್ಲಿ ಕೈಯಲ್ಲಿ ಗುಲಾಬಿ ಹಾರ ಹಿಡಿದ ಉಜ್ಜಪ್ಪ. ಇನ್ನೊಂದು ಕೈಯಲ್ಲಿ ಮೊಬೈಲು; ಅದು ಆಗಲೇ ಕ್ಲಿಕ್ ಎಂದಿತ್ತು.

“ಅವ್ರೇ ಮೇಡಂ” ಎಂದ ಉಜ್ಜಪ್ಪ, ಸಂತಾಪ ಸೂಚಿಸುವ ಧ್ವನಿಯಲ್ಲಿ. “ಅರ್ಜಿ ಬರ್ದ ವೀರಬಸಪ್ಪ ಮೇಷ್ಟ್ರು.”

“ಅರ್ಜಿ ಬರೆದಿದ್ದೂ ನೀವೇ, ಹಂಚು ಕೀಳ್ತಿರೋದೂ ನೀವೇನಾ ಸರ್?”

ಮೇಷ್ಟ್ರು ಏಣಿ ಇಳಿದು ಬಂದರು. ಅಂಗಿಯ ಮೇಲೆ ಸಗಣಿ, ತಲೆಯ ಮೇಲೆ ಸುಣ್ಣ. ಕೈಯಲ್ಲಿದ್ದ ಹಂಚನ್ನು ಎಲ್ಲಿಡಬೇಕೆಂದು ತೋಚದೆ ಮಗುವಿನಂತೆ ಎದೆಗವಚಿಕೊಂಡಿದ್ದರು. ಇನ್ನು ಸತ್ಯ ಬಿಟ್ಟರೆ ಗತಿಯಿರಲಿಲ್ಲ. “ಮೇಡಂ, ಇದು ನಿಜವಾಗ್ಲೂ ಹಾಳಾಗಿತ್ತು. ಇವರು ಸುಣ್ಣ ಬಳಿದು ಮುಚ್ಚಿಬಿಟ್ರು. ನಾನು ಬರೀ ಇದ್ದ ಸ್ಥಿತಿಗೆ ತರ್ತಿದ್ದೆ.”

ಮಧುಶ್ರೀ ಹಂಚಿನ ಚೂರುಗಳನ್ನು ದಾಟಿ ಹತ್ತಿರ ಬಂದರು. “ಸರ್, ಹಾಳಾದ ಕಟ್ಟಡ ನೋಡೋಕೆ ನಾನು ಇಷ್ಟು ದೂರ ಬರಬೇಕಿರಲಿಲ್ಲ. ನಮ್ಮ ಆಫೀಸೇ ಅಂಥದ್ರಲ್ಲಿದೆ. ಮಳೆ ಬಂದ್ರೆ ನಾವು ಕಂಪ್ಯೂಟರಿಗೆ ಕೊಡೆ ಹಿಡೀತೀವಿ. ಎಲ್ಲರೂ ಬಾವಲಿ, ಮರ, ಕುರಿ, ಇದೇ ಫೋಟೊ ಕಳಿಸ್ತಾರೆ. ದುಡ್ಡು ಹಾಕಿ ರಿಪೇರಿ ಮಾಡಿ ಕೊಟ್ರೆ ಮರುವರ್ಷ ಮತ್ತೆ ಅದೇ ಕುರಿ. ಅದಕ್ಕೇ ಈ ಸಲದಿಂದ ಊರಿನವರೇ ಕೈಯಾರೆ ಕಾಳಜಿ ಮಾಡ್ತಿರೋ ಕಟ್ಟಡಕ್ಕೆ ಮಾತ್ರ ಹಣ. ನಿಮ್ಮ ಅರ್ಜಿ ನೋಡಿ, ಆಗಲ್ಲ ಅಂತ ಬರೆಯೋಕೇ ಹೊರಟಿದ್ದೆ.”

“ಹಾಗಾದ್ರೆ...”

“ಬೆಳಿಗ್ಗೆ ಅಧ್ಯಕ್ಷರು ಫೋಟೊ ಕಳಿಸಿದ್ರು. ಸುಣ್ಣ ಬಳಿತಿರೋ ಹೆಂಗಸರು, ಮಂಚ ಉಜ್ಜುತ್ತಿರೋ ಗಂಡಸರು, ಮರಕ್ಕೂ ಒಂದು ಬಟ್ಟೆ! ತಾಳಗುಂದದಲ್ಲಿ ನಿಂತೇ ನಮ್ಮ ಮೇಲಿನವರಿಗೆ ಫೋನ್ ಮಾಡಿ ಒಪ್ಪಿಸಿಬಿಟ್ಟೆ.”

ಮೇಷ್ಟ್ರ ಕೈಯಿಂದ ಹಂಚು ಜಾರಿತು. ಫಟ್. “ಅಂದ್ರೆ... ಮಂಜೂರಾಯ್ತಾ ಮೇಡಂ? ಕಟ್ಟಡ ಉಳೀತಾ?”

“ಮಂಜೂರಾಗಿದೆ. ಆದ್ರೆ ಕಟ್ಟಡಕ್ಕೆ ಇವತ್ತಿಂದಲೇ ರಕ್ಷಣೆ ಬೇಕು.”

“ಯಾರಿಂದ ಮೇಡಂ?”

ಮಧುಶ್ರೀ ಒಡೆದ ಹಂಚಿನ ಚೂರುಗಳನ್ನು ನೋಡಿದರು; ಅವರ ಕಣ್ಣು ನಿಧಾನವಾಗಿ ಗೋಡೆಯ ಸಗಣಿಗೆ, ಅಲ್ಲಿಂದ ಕೆರೆದ ಕಲ್ಲಿಗೆ, ಅಲ್ಲಿಂದ ಮೇಷ್ಟ್ರ ಮುಖಕ್ಕೆ ಬಂದು ನಿಂತಿತು.

ಗಂಡಸರ ವಾರ್ಡಿನಿಂದ ಒಂದು ಕುರಿ ಮೇ ಎಂದಿತು. ಮಾಸ್ತಪ್ಪ ಆಗಲೇ ಕುರಿಗಳನ್ನು ಹೊರಗೆ ಹೊಡೆಯುತ್ತ, “ನಾನೆಷ್ಟು ಬ್ಯಾಡ ಅಂದ್ರೂ ಮೇಷ್ಟ್ರು ಕೇಳ್ಲಿಲ್ರಿ ಅಮ್ಮಾರೆ” ಎನ್ನುತ್ತಿದ್ದ.

ಒಂದೇ ಕ್ಷಣದಲ್ಲಿ ಎಲ್ಲವೂ ತೀರ್ಮಾನವಾಯಿತು. ಜೀರ್ಣೋದ್ಧಾರ ಸಮಿತಿಗೆ ಉಜ್ಜಪ್ಪನೇ ಅಧ್ಯಕ್ಷ. ಕಾವಲಿಗೆ ಮಾಸ್ತಪ್ಪ. ಹಾನಿ ಮಾಡಿದ ವ್ಯಕ್ತಿ ಕೆಲಸ ಮುಗಿಯುವವರೆಗೆ ಗೇಟಿನ ಒಳಗೆ ಕಾಲಿಡಬಾರದು. “ಅರ್ಜಿ ಬರೆದವರು ಅಂತ ಪೊಲೀಸಿಗೆ ಹೋಗ್ತಿಲ್ಲ ಸರ್. ಗೇಟಿಗೆ ಒಂದು ಎಚ್ಚರಿಕೆ ಬೋರ್ಡ್ ಹಾಕಿಸಿಬಿಡಿ ಅಧ್ಯಕ್ಷರೇ” ಎಂದು ಮಧುಶ್ರೀ ಹೇಳಿದರು. ಉಜ್ಜಪ್ಪ, “ಸಂಜೆಯೊಳ್ಗೆ ಮೇಡಂ” ಎಂದ. ಅವನು ತಡಮಾಡಿದ್ದೇ ಇಲ್ಲ.

ಮೇಷ್ಟ್ರು ಕ್ರಮ ತಪ್ಪಿ ಮಾಡುವವರಲ್ಲವಷ್ಟೆ. ಕಾಂಪೌಂಡಿಲ್ಲದ ಆ ಗೇಟಿನ ಆಚೆಗೆ ಹೋಗಿ, ಹುಣಸೆ ಮರದ ಕೆಳಗೆ ನಿಂತುಕೊಂಡರು. ಅಲ್ಲಿಂದಲೇ ಕಿವಿ ನಿಮಿರಿಸಿ ಕೇಳಿದರು. ಜಗುಲಿಗೆ ಗ್ರಾನೈಟು ಹಾಕಿಸೋಣ, ಇಷ್ಟು ಕಿಟಕಿ ಯಾಕೆ, ಗಾಳಿ ಜಾಸ್ತಿ ಬರುತ್ತದೆ, ಅರ್ಧ ಮುಚ್ಚಿಸಿಬಿಡೋಣ ಎನ್ನುತ್ತಿದ್ದ ಉಜ್ಜಪ್ಪ. “ಬೇಡ! ಕಿಟಕಿ ಮುಚ್ಚಬೇಡಿ! ಅದೇ ಈ ಕಟ್ಟಡದ ಇತಿಹಾಸ!” ಎಂದು ಮೇಷ್ಟ್ರು ಕೂಗಿದರು. ಗಾಳಿಗುಡ್ಡದ ಗಾಳಿ ಹೆಸರಿಗೆ ತಕ್ಕಂತೆ ಅವರ ಮಾತನ್ನು ಸೊರಬದ ಕಡೆ ಹೊತ್ತೊಯ್ದಿತು.

ಒಳಗೆ ಮಧುಶ್ರೀ ಗುತ್ಯಮ್ಮನ ಪಕ್ಕ ಕೂತಿದ್ದರು. ಅಜ್ಜಿ ಈ ಆಸ್ಪತ್ರೆಯ ಹಳೆಯ ರೋಗಿ ಎಂದು ಗೊತ್ತಾದ ಮೇಲೆ ಟರ್ಕಿ ಟವೆಲಿನ ಕುರ್ಚಿ ಕಾಯಂ ಆಗಿ ಅವಳದ್ದಾಯಿತು, ಗುಲಾಬಿ ಹಾರವೂ ಅವಳ ಕೊರಳಿಗೇ ಬಿತ್ತು. ಕೆಲಸ ಮುಗಿದ ದಿನ ಟೇಪು ಕತ್ತರಿಸುವವಳೂ ಅವಳೇ ಎಂದು ನಿಕ್ಕಿಯಾಯಿತು.

ಸಂಜೆ ಬಸ್ಸಿನ ಹೊತ್ತಿಗೆ ಸೊರಬದಿಂದ ಫ್ಲೆಕ್ಸು ಬಂತು. ಉಜ್ಜಪ್ಪ ತಾನೇ ನಿಂತು ಕಟ್ಟಿಸಿದ. ‘ಸ್ಮಾರಕಗಳಿಗೆ ಹಾನಿ ಮಾಡುವುದು ಅಪರಾಧ’ ಎಂಬ ದೊಡ್ಡ ಅಕ್ಷರದ ಕೆಳಗೆ, ಮಾಡಿನ ಮೇಲೆ ಹಂಚೆತ್ತಿ ನಿಂತ ವೀರಬಸಪ್ಪ ಮೇಷ್ಟ್ರು, ಆಳೆತ್ತರಕ್ಕೆ. ಬೆಳಿಗ್ಗೆ ಉಜ್ಜಪ್ಪ ಇದ್ದಷ್ಟೇ ಎತ್ತರ. ಆ ವಿಷಯದಲ್ಲಿ ಅವನು ಭೇದ ಮಾಡಿರಲಿಲ್ಲ. ಮೇಷ್ಟ್ರ ಮೊಬೈಲು ಟಿಂಗ್ ಎಂದಿತು. ಸ್ಟಾಫ್‌ರೂಮಿನ ಗ್ರೂಪಿನಲ್ಲಿ ಅದೇ ಫೋಟೊ, ಕೆಳಗೆ ಯೋಗೇಶನ ಒಂದೇ ಸಾಲು: “ಪೇಶಂಟ್ ಉಳೀತಂತಲ್ರಿ, ಡಾಕ್ಟರ್‌ನ ಯಾಕ್ ಹೊರಗ ಹಾಕ್ಯಾರ?”

ಗುತ್ಯಮ್ಮ ಹೊರಡುವ ಮೊದಲು ಜಗುಲಿಯ ತುದಿಗೆ ನಡೆದುಹೋದಳು. ಸಿಲ್ವರ್ ಬಳಿದ ಒಂದು ಮಂಚವನ್ನು ತಡವಿ ನೋಡಿ, ಅದರ ಅಂಚಿನಲ್ಲಿ ಮೆಲ್ಲಗೆ ಕೂತು, ಗೇಟಿನ ಕಡೆ ತಿರುಗಿದಳು. ಹುಣಸೆ ಮರದ ಕೆಳಗೆ, ಅವಳ ಚೀಲ ಮತ್ತು ಖಾಲಿ ಬುತ್ತಿ ಗಂಟು ಹಿಡಿದುಕೊಂಡು ಮಗ ನಿಂತಿದ್ದ.

“ವೀರಬಸ್ಯಾ” ಎಂದು ಅವಳು ಅಲ್ಲಿಂದಲೇ ಕೂಗಿದಳು. “ಅಲ್ಲೇ ನಿಂತ್ಕಾ, ಒಳಗ್ ಬರ್ಬ್ಯಾಡ. ನಿಮ್ಮಜ್ಜನೂ ಅಲ್ಲೇ ನಿಂತ್ಕಂತಿದ್ದ.”

ಮತ್ತೆ ಕೈ ಬೀಸಿದಳು. ಮೇಷ್ಟ್ರು ಒಂದು ಸಲ ಫ್ಲೆಕ್ಸಿನ ಕಡೆ ನೋಡಿ, ಬೇರೆ ದಾರಿ ಕಾಣದೆ, ತಾವೂ ಬೀಸಿದರು.